ತಾಯಿ ಇನ್ನೂ ನೆಕ್ಕಿಲ್ಲ

ಚಂದ್ರಾಬಾಯಿಯ ಕುರಿಗಳನ್ನು ಗುಡ್ಡದಿಂದ ಓಡಿಸಿದರು. ಅವುಗಳಲ್ಲೊಂದು ಆಗಷ್ಟೇ ಈದಿತ್ತು, ಅದನ್ನೂ ಓಡಿಸಿದರು. ಮರಿ ಗುಡ್ಡದ ಮೇಲೆಯೇ ಉಳಿಯಿತು.

ನಂದಾ ಆಗ ಅದೇ ಗುಡ್ಡದ ಮೇಲೆ ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಕಣ್ಣು ಮುಚ್ಚಿರಿ ಎಂದಿದ್ದರು, ಮುಚ್ಚಿದ್ದಳು. ಬೆನ್ನು ನೆಟ್ಟಗಿಡಿ ಎಂದಿದ್ದರು, ಇಟ್ಟಿದ್ದಳು. ಪುಣೆ ಕಡೆಯಿಂದ ಬಂದಿದ್ದ ಗುರೂಜಿ ಮೈಕಿನಲ್ಲಿ ಮರಾಠಿಯೊಳಗೆ ಹೇಳುತ್ತಿದ್ದರು, ಜತ್ತದ ಕಾಲೇಜಿನಲ್ಲಿ ಓದುವ ಸೋನಾಲಿ ಅದನ್ನು ಕನ್ನಡಕ್ಕೆ ತರುತ್ತಿದ್ದಳು. ಕೂತವರಲ್ಲಿ ಮರಾಠಿ ಬಾರದವರು ಒಬ್ಬರೂ ಇರಲಿಲ್ಲವಾದ್ದರಿಂದ ಈ ಧ್ಯಾನದ ಶಿಬಿರದಲ್ಲಿ ದೇವರು ಎರಡೆರಡು ಸಲ ಬರುತ್ತಿದ್ದ. ‘ಶಬ್ದಗಳು ಬರಲಿ, ಹೋಗಲಿ. ಯಾವ ಶಬ್ದಕ್ಕೂ ಹೆಸರು ಕೊಡಬೇಡಿ. ಹೆಸರೇ ಅಹಂಕಾರ’ ಎಂದು ಗುರೂಜಿ ಹೇಳಿದ್ದನ್ನು ಸೋನಾಲಿ ಇನ್ನೊಮ್ಮೆ ಹೇಳುವಷ್ಟರಲ್ಲಿ ಸೀಟಿಯ ಸದ್ದು ಕೇಳಿತು. ನಂದಾ ಅದಕ್ಕೆ ಹೆಸರಿಡಬಾರದೆಂದು ಹಲ್ಲು ಕಚ್ಚಿದಳು. ಅದು ಕಾವಲುಗಾರ ತಾನಾಜಿಯ ಸೀಟಿ. ಆಮೇಲೆ ಗಂಟೆಗಳ ಸದ್ದು: ಹೋತದ ಕೊರಳಿನ ದಪ್ಪ ಗಂಟೆ ಮುಂದೆ, ಸಣ್ಣವು ಹಿಂದೆ. ಆಮೇಲೆ ‘ಹ್ಯೋ, ಹ್ಯೋ, ಹೊಡೀಬ್ಯಾಡಲೇ, ಅದು ಈದೈತಿ’ ಎಂಬ ಹೆಂಗಸಿನ ಗಂಟಲು. ಅದು ಚಂದ್ರಾಬಾಯಿ. ಕೋಲಿನ ಸದ್ದು, ಕಲ್ಲುರುಳಿದ ಸದ್ದು, ಗೇಟಿನ ಕಬ್ಬಿಣ ಕಬ್ಬಿಣಕ್ಕೆ ಬಡಿದ ಸದ್ದು. ಒಂದೊಂದೂ ಬಂದು ತನ್ನ ಹೆಸರು ಹೇಳಿಕೊಂಡು ಎದುರಿಗೆ ನಿಂತಿತು, ಸಂತೆಯಲ್ಲಿ ಗುರುತಿನವರು ನಿಲ್ಲುವ ಹಾಗೆ. ಹೆಸರಿಡದೆ ಕೇಳಬೇಕೆಂದರೆ ತಾನು ಈ ಊರಿನ ಸೊಸೆಯಾಗಿ ಬರಬಾರದಾಗಿತ್ತು ಎಂದುಕೊಂಡಳು. ಪುಣೆಯಲ್ಲಿ ಹುಟ್ಟಬೇಕಾಗಿತ್ತು.

ಗುಡ್ಡ ವಳಸಂಗದ ಗಾಯರಾನ. ಊರ ದನಕರು, ಕುರಿ ಮೇಯಲೆಂದು ಬಿಟ್ಟ ನೆಲ. ಅದಕ್ಕೀಗ ಸುತ್ತಲೂ ಮುಳ್ಳುತಂತಿ ಬಂದಿತ್ತು. ವೃಕ್ಷಾರೋಪಣಕ್ಕೆಂದು ಮಾಡಿಕೊಂಡ ಸಂಸ್ಥೆಯೊಂದು ಪರವಾನಗಿ ತಂದಿತ್ತು; ಜತ್ತದಲ್ಲಿ ಅಡತಿ ಅಂಗಡಿ ಇಟ್ಟಿರುವ ನಂದಾಳ ಗಂಡ ವಿಜಯಕುಮಾರ ಅದರ ವಿಶ್ವಸ್ತರಲ್ಲೊಬ್ಬ. ಜೂನ್ ಬಂದರೆ ಸಾಹೇಬರ ಕೈಯಿಂದ ಗಿಡ ನೆಡಿಸುತ್ತಿದ್ದರು, ದೀಪಾವಳಿಯ ಹೊತ್ತಿಗೆ ಅವು ಒಣಗುತ್ತಿದ್ದವು, ಮತ್ತೆ ಜೂನಿನಲ್ಲಿ ಅದೇ ತಗ್ಗುಗಳಿಗೆ ಹೊಸ ಗಿಡ. ತಗ್ಗು ತೋಡುವ ಶ್ರಮ ಉಳಿಯುತ್ತಿತ್ತು. ಗಿಡ ಒಣಗಿದ್ದಕ್ಕೆ ಕಾರಣ ಕುರಿ ಎಂದು ಸಭೆಯಲ್ಲಿ ಠರಾವಾಯಿತು. ಠರಾವು ಬರೆದ ದಿನ ನಂದಾ ಸಭೆಗೆ ಬಂದವರಿಗೆ ಅವಲಕ್ಕಿ ಕೊಟ್ಟು, ಖಾರ ಸಾಕೇ ಎಂದು ಕೇಳಿದ್ದಳು. ಸಾಕು ಎಂದಿದ್ದರು.

‘ನಂದವ್ವಾ. ಏ ನಂದವ್ವಾ.’

ಹೆಸರಿಡಬಾರದ ಶಬ್ದಗಳ ನಡುವೆ ಅವಳದೇ ಹೆಸರು ಬಂತು. ಕಣ್ಣು ತೆರೆದಳು. ತಂತಿಯ ಆಚೆ, ಅವಳು ಕೂತಲ್ಲಿಂದ ಕೂಗಳತೆಯೂ ಅಲ್ಲ, ಪಿಸುಗುಟ್ಟಿದರೂ ಕೇಳುವಷ್ಟು ಹತ್ತಿರ ಚಂದ್ರಾಬಾಯಿ ನಿಂತಿದ್ದಳು. ಸೆರಗು ತಲೆಯಿಂದ ಜಾರಿತ್ತು. ಹಣೆಯ ಭಂಡಾರ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿದಿತ್ತು.

‘ನೀನ ಹೌದಲ್ಲ? ಕುರಿ ಈದೈತವ್ವಾ, ಮರಿ ಒಳಗ ಉಳದೈತಿ. ಆ ಬೀರಪ್ಪನ ಕಲ್ಲಿನ ಹತ್ರನ ಎಲ್ಲೋ ಐತಿ. ಇಂವ ಗೇಟ ತೆಗಿಯಾಕ ಒಲ್ಲ ಅಂತಾನ. ನಿಮ್ಮ ಮನಿಯವರ ಹುಕುಮಂತ. ಒಂದ ಮಾತ ಹೇಳು, ಮರಿ ತಗೊಂಡ ಹೊಕ್ಕೀನಿ.’

ನಂದಾಳ ನಾಲಗೆಯ ಬದಲು ಕೈ ಎದ್ದಿತು. ಅವಳ ಕೊರಳಲ್ಲಿ ಲಿಂಗದ ಶಿವದಾರದ ಜೊತೆಗೆ ಒಂದು ನೀಲಿ ಪಟ್ಟಿ ಜೋತಿತ್ತು. ಅದರ ತುದಿಯ ಬಿಲ್ಲೆಯಲ್ಲಿ ‘ನಾನು ಮೌನದಲ್ಲಿದ್ದೇನೆ’ ಎಂದು ಎರಡೂ ಭಾಷೆಯಲ್ಲಿ ಬರೆದಿತ್ತು. ಬೆಳಿಗ್ಗೆ ಗೇಟಿನಲ್ಲೇ ಎಲ್ಲರ ಕೊರಳಿಗೂ ಹಾಕಿದ್ದರು. ಆ ಬಿಲ್ಲೆಯನ್ನು ಎತ್ತಿ ಚಂದ್ರಾಬಾಯಿಯ ಕಡೆ ಹಿಡಿದಳು. ಹಿಡಿದ ಮೇಲೆ ನೆನಪಾಯಿತು, ಚಂದ್ರಾಬಾಯಿಗೆ ಓದು ಬರುವುದಿಲ್ಲ.

‘ಏನೈತದ್ರಾಗ?’

ಗೇಟಿನ ಬಳಿಯಿಂದ ಬಂದ ತಾನಾಜಿ ಓದಿ ಹೇಳಿದ. ಅವನು ಚಂದ್ರಾಬಾಯಿಯ ತಮ್ಮನ ಮಗ. ಎರಡು ವರ್ಷದ ಹಿಂದಿನವರೆಗೂ ಕುರಿಯ ಹಿಂದೆಯೇ ಇದ್ದವನು. ‘ಆಕಿ ಮೌನದಾಗ ಅದಾಳತ್ತಿ. ಇವತ್ತ ಮಾತಾಡಂಗಿಲ್ಲ.’

‘ಯಾಕ, ಬಾಯಾಗ ಹುಣ್ಣಾಗ್ಯಾವೇನ?’

‘ಹಂಗಲ್ಲತ್ತಿ. ದೇವರ ಸಲುವಾಗಿ.’

ಚಂದ್ರಾಬಾಯಿ ನಂದಾಳ ಮುಖವನ್ನು ನೋಡಿದಳು. ಬಿಲ್ಲೆಯನ್ನು ನೋಡಿದಳು. ಕೋಪ ಮಾಡಿಕೊಂಡಿದ್ದರೆ ನಂದಾಗೆ ಹಗುರಾಗುತ್ತಿತ್ತು. ‘ನಮ್ಮ ಕುರಿನೂ ಮೌನನ ಇರತಾವ ತಂಗಿ,’ ಎಂದಳು, ಹವಾಮಾನದ ಮಾತಾಡುವ ದನಿಯಲ್ಲಿ. ‘ಕಟುಗ ಬಂದಾಗ ಅವೂ ಒದರತಾವ.’ ಹೇಳಿ ತಂತಿಯ ಗುಂಟ ಕೆಳಗಿಳಿದಳು.

ನಂದಾ ಬಿಲ್ಲೆಯನ್ನು ಬಿಟ್ಟಳು. ಅದು ಬಂದು ಎದೆಯ ಮೇಲಿನ ಲಿಂಗದ ಕರಡಿಗೆಗೆ ಬಡಿದು ಟಿಕ್ ಎಂದಿತು. ಇವೆರಡೂ ಒಂದೇ ಜಾಗದಲ್ಲಿ ತೂಗಾಡುತ್ತಿವೆ ಎಂಬುದು ಆಗಲೇ ಅವಳ ಗಮನಕ್ಕೆ ಬಂದದ್ದು. ಕೊರಳಲ್ಲಿ ದೇವರನ್ನು ಕಟ್ಟಿಕೊಂಡು ಗುಡ್ಡ ಹತ್ತಿ ದೇವರನ್ನು ಹುಡುಕಲು ಬಂದ ತನ್ನನ್ನು ಅತ್ತೆ ರುಕ್ಮವ್ವ ಕಂಡಿದ್ದರೆ ಏನನ್ನುತ್ತಿದ್ದಳು? ಏನೂ ಅನ್ನುತ್ತಿರಲಿಲ್ಲ. ಮೊದಲು ಮೂಸುತ್ತಿದ್ದಳು. ರುಕ್ಮವ್ವನಿಗೆ ಮನುಷ್ಯರು ಮೊದಲು ಮೂಗಿಗೆ ಗೊತ್ತಾಗುತ್ತಿದ್ದರು, ಆಮೇಲೆ ಕಣ್ಣಿಗೆ.

ಅವತ್ತೂ ಹಾಗೆಯೇ ಮೂಸಿದ್ದಳು. ಮದುವೆಯಾಗಿ ಬಂದ ಮೊದಲ ಚಳಿಗಾಲ. ಎಳ್ಳಮಾಸಿಗೆ ಹೊಲದಲ್ಲಿ ಚರಗ ಚೆಲ್ಲಿ ಬಂದು ಇನ್ನೂ ವಾರವಾಗಿರಲಿಲ್ಲ. ಖಾಲಿ ಬಿದ್ದ ಪಟ್ಟಿಯಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿಸಿದ್ದರು. ಕುರಿಯವರಿಗೆ ರೊಟ್ಟಿ ಝುಣಕ ಕೊಟ್ಟು ಬಾ ಎಂದು ನಸುಕಿನಲ್ಲೇ ಕಳಿಸಿದ್ದರು ಅವಳನ್ನು. ಮಂಜಿನಲ್ಲಿ ಹೊಲದ ಬದು ಕಾಣುತ್ತಿರಲಿಲ್ಲ, ಕುರಿಗಳೂ ಕಾಣುತ್ತಿರಲಿಲ್ಲ, ಅವುಗಳ ಉಸಿರು ಮಾತ್ರ ಕಾಣುತ್ತಿತ್ತು. ನೆಲವೇ ಮಗ್ಗುಲು ಬದಲಿಸಿ ಉಸಿರಾಡುವ ಹಾಗೆ. ಹಗ್ಗದ ಬಲೆಯ ಆಚೆ ಚಂದ್ರಾಬಾಯಿ ಕಂಬಳಿ ಹೊದ್ದು ಕುಕ್ಕರಗಾಲಲ್ಲಿ ಕೂತಿದ್ದಳು, ಎದುರಿಗೆ ಒಂದು ಕುರಿ, ಅದರ ಹಿಂದೆ ಆಗತಾನೇ ಬಿದ್ದ ಮರಿ. ಮರಿಯ ಮೈಯಿಂದ ಹಬೆ ಏಳುತ್ತಿತ್ತು. ನಂದಾ ಬುಟ್ಟಿ ಕೆಳಗಿಟ್ಟು, ಯಾರೂ ಹೇಳದೆ, ಕೈ ಚಾಚಿದ್ದಳು. ಚಂದ್ರಾಬಾಯಿ ಅವಳ ಮಣಿಕಟ್ಟು ಹಿಡಿದಳು. ಬಳೆ ಒತ್ತಿ ನೋಯುವಷ್ಟು ಬಿಗಿಯಾಗಿ. ‘ಮುಟ್ಟಬ್ಯಾಡ. ತಾಯಿ ಇನ್ನೂ ನೆಕ್ಕಿಲ್ಲ. ಬ್ಯಾರೆ ವಾಸ್ನಿ ಬಂತಂದ್ರ ಒದ್ದು ದೂಡತೈತಿ. ಆಮ್ಯಾಲ ಮರಿ ಸಾಯತೈತಿ.’ ನಂದಾ ಎರಡೂ ಕೈ ತೊಡೆಯ ಕೆಳಗೆ ಒತ್ತಿಕೊಂಡು ಕೂತಳು. ಕುರಿ ತಿರುಗಿತು, ಮೂಸಿತು, ಮೂಗಿನಿಂದ ಹಿಡಿದು ಕಾಲಿನವರೆಗೆ ನೆಕ್ಕಿತು. ನೆಕ್ಕಿದಲ್ಲೆಲ್ಲ ಮರಿ ಮರಿಯಾಗುತ್ತ ಬಂತು. ಬಿಸಿಲು ಮಂಜನ್ನು ಸುಲಿಯಿತು. ಆಗ ಅವಳಿಗೆ ಪಕ್ಕದಲ್ಲಿ ಯಾರೋ ಕೂತಿದ್ದಾರೆ ಎನ್ನಿಸಿತು. ಚಂದ್ರಾಬಾಯಿ ಅಲ್ಲ. ಇನ್ನೊಬ್ಬರು. ಮುಟ್ಟಬೇಕೆಂದು ಕೈ ತುರಿಸುತ್ತಿದ್ದರೂ ಮುಟ್ಟದೆ, ಕೈ ಕೆಳಗೆ ಒತ್ತಿಕೊಂಡು ನೋಡುತ್ತ ಕೂತವರು ತಾನೊಬ್ಬಳೇ ಅಲ್ಲ. ಈ ಎಲ್ಲವನ್ನೂ ಮಾಡಿದವರೂ ಹಾಗೆಯೇ ಕೂತಿದ್ದಾರೆ. ತಿರುಗಿ ನೋಡಲು ಧೈರ್ಯವಾಗಲಿಲ್ಲ. ತಿರುಗಿದರೆ ಎದ್ದು ಹೋದಾರು ಎಂದು.

ಮನೆಗೆ ಬಂದಾಗ ರುಕ್ಮವ್ವ ಮೂಸಿ, ‘ಕುರುಬರ ವಾಸ್ನಿ ಹೊತಗೊಂಡ ಬಂದೀಯಲ್ಲವಾ. ತಲಿ ಮ್ಯಾಲೆ ನೀರ ಹಾಕ್ಕೊಂಡ ಆಮ್ಯಾಲ ಲಿಂಗ ಮುಟ್ಟು’ ಎಂದಳು. ನಂದಾ ಜಳಕ ಮಾಡಿದಳು. ಅಂಗೈ ಮೇಲೆ ಲಿಂಗ ಇಟ್ಟುಕೊಂಡು ಕೂತಾಗ ಅದು ತಣ್ಣಗಿತ್ತು. ಆಮೇಲಿನ ಎಲ್ಲ ದಿನಗಳಲ್ಲೂ ತಣ್ಣಗೇ ಇತ್ತು. ಪಕ್ಕದಲ್ಲಿ ಕೂತವರು ಸೋಪಿನ ನೊರೆಯೊಂದಿಗೆ ಬಚ್ಚಲಿನಲ್ಲಿ ಹರಿದುಹೋಗಿದ್ದರು. ಒಂದು ಸಲ, ಗಂಡ ಒಳ್ಳೆಯ ಮನಸ್ಸಿನಲ್ಲಿದ್ದಾನೆ ಎಂದು ತಿಳಿದು, ಅವನಿಗೆ ಹೇಳಿದಳು. ಅವನು ನಕ್ಕ. ಕೆಟ್ಟ ನಗುವಲ್ಲ, ಅದೇ ಕಷ್ಟವಾದದ್ದು. ಅಂದಿನಿಂದ ಮನೆಗೆ ಬೀಗರು ಬಂದಾಗ, ಗೆಳೆಯರು ಬಂದಾಗ, ಊಟದ ನಡುವೆ ಅದೊಂದು ಚಟ್ನಿಯ ಹಾಗೆ ಎಲೆಯ ಅಂಚಿಗೆ ಬೀಳುತ್ತಿತ್ತು: ‘ನಮ್ಮಾಕಿಗೆ ಕುರಿ ಈಯೂದರಾಗ ದೇವ್ರ ಕಂಡಿದ್ನರೀಪಾ.’ ಎಲ್ಲರೂ ನಗುತ್ತಿದ್ದರು. ಅವಳೂ ನಗುತ್ತಿದ್ದಳು, ಇನ್ನೊಂದು ಸಲ ಸಾರು ಬಡಿಸುತ್ತ.

ಹೀಗಾಗಿಯೇ ಜತ್ತದ ಮಂಗಲ ಕಾರ್ಯಾಲಯದಲ್ಲಿ ಈ ಗುರೂಜಿ ‘ನಿಸರ್ಗದಲ್ಲಿ ದೇವರು ನಿಮ್ಮ ಪಕ್ಕದಲ್ಲೇ ಕೂತಿರುತ್ತಾನೆ, ನೀವು ಮಾತ್ರ ಎದ್ದುಹೋಗಿರುತ್ತೀರಿ’ ಎಂದಾಗ ನಂದಾ ಬೆಚ್ಚಿದ್ದಳು. ಅವಳ ಗುಟ್ಟನ್ನು ಯಾರೋ ಲೌಡ್‌ಸ್ಪೀಕರಿಗೆ ಕೊಟ್ಟಂತಿತ್ತು. ಪಕ್ಕದಲ್ಲಿ ಕೂತಿದ್ದ ವಿಜಯಕುಮಾರ ಕಣ್ಣು ಒದ್ದೆ ಮಾಡಿಕೊಂಡು ತಲೆದೂಗುತ್ತಿದ್ದ. ಹೆಂಡತಿಯ ಬಾಯಲ್ಲಿ ನಗೆಚಾಟಿಕೆಯಾದದ್ದು ಬಿಳಿ ಜುಬ್ಬದ ಬಾಯಲ್ಲಿ ಉಪದೇಶವಾಯಿತಲ್ಲ ಎಂದು ಅವಳಿಗೆ ಹೊಳೆಯದೆ ಇರಲಿಲ್ಲ. ಆದರೂ ಬಂದಳು. ಒತ್ತಾಯಕ್ಕಲ್ಲ, ಆಸೆಗೆ ಬಂದಳು. ಅಂದು ಎದ್ದು ಹೋದವರು ಈ ಗುಡ್ಡದ ಮೇಲೆ ಇನ್ನೊಂದು ಸಲ ಬಂದು ಕೂತಾರು ಎಂಬ ಆಸೆ. ಬಂದು ಕೂತದ್ದಕ್ಕೆ ಸಿಕ್ಕಿದ್ದು ಇಲ್ಲಿಯವರೆಗೆ ಕಾಲು ಜೋಮು, ಒಂದು ಕೆಂಜಿಗ, ಮತ್ತು ಚಂದ್ರಾಬಾಯಿಗೆ ಎತ್ತಿ ತೋರಿಸಿದ ಬಿಲ್ಲೆ.

‘ಈಗ ಭೂಮಿತಾಯಿಯ ಸ್ಪರ್ಶದಿಂದ ವೃಕ್ಷದೇವತೆಯ ಸ್ಪರ್ಶಕ್ಕೆ ಹೋಗೋಣ’ ಎಂದಳು ಸೋನಾಲಿ, ಎರಡನೆಯ ಸಲದ ದೇವರ ಪರವಾಗಿ. ಎಲ್ಲರೂ ಎದ್ದರು. ಭೂಮಿತಾಯಿಯ ಸ್ಪರ್ಶ ಬೆಳಿಗ್ಗೆಯೇ ಶುರುವಾಗಿತ್ತು. ಬರಿಗಾಲಲ್ಲಿ ನಡೆಯಬೇಕು ಎಂದು ಅಪ್ಪಣೆಯಾಗಿ, ಚಪ್ಪಲಿ ಎಲ್ಲಿ ಬಿಡುವುದು ಎಂದು ಜನ ಅತ್ತಿತ್ತ ನೋಡುವಾಗ ಸೋನಾಲಿ ಒಂದು ಕಲ್ಲಿನ ಗುಂಪು ತೋರಿಸಿ ‘ಇಲ್ಲೇ ಬಿಡ್ರಿ, ಗುರುತ ಸಿಗತೈತಿ’ ಎಂದಿದ್ದಳು. ಅದು ಬೀರಪ್ಪ. ಕುರಿಯವರ ದೇವರಿಗೆ ಗುಡಿ ಇರಲಿಲ್ಲ, ಸೂರು ಇರಲಿಲ್ಲ. ಮಳೆ ಬಿಸಿಲಿಗೆ ಕುರಿಯ ಜೊತೆ ತಾನೂ ನಿಲ್ಲಬೇಕೆಂದು ಅವನೇ ಬೇಡವೆಂದಿದ್ದನಂತೆ. ಕಲ್ಲಿನ ಸಂದಿಯಲ್ಲಿ ಹೋದ ಸಲದ ಭಂಡಾರ ಇನ್ನೂ ಮಾಸಲು ಹಳದಿಯಾಗಿ ಉಳಿದಿತ್ತು. ನಂದಾಗೆ ಗೊತ್ತಿತ್ತು. ಬಾಯಿ ತೆರೆಯುವಷ್ಟರಲ್ಲಿ ಬಿಲ್ಲೆ ಕೊರಳಿಗೆ ಬಿದ್ದಾಗಿತ್ತು. ಗಂಡನ ಕೊಲ್ಲಾಪುರಿ ಚಪ್ಪಲಿ ದೇವರಿಗೆ ತಾಗಿ ನಿಂತವು. ಅವಳು ತನ್ನವನ್ನು ಅಲ್ಲಿಂದ ಒಂದು ಮೊಳ ದೂರ ಬಿಟ್ಟಳು. ತನ್ನ ಭಕ್ತಿಯ ಉದ್ದ ಎಷ್ಟು ಎಂದು ಯಾರಾದರೂ ಕೇಳಿದರೆ ಹೇಳಬಹುದು: ಒಂದು ಮೊಳ. ಆಮೇಲೆ ಎಲ್ಲರೂ ನೆಗ್ಗಿಲ ಮುಳ್ಳಿನ ಮೇಲೆ ಭೂಮಿತಾಯಿಯನ್ನು ಮುಟ್ಟುತ್ತ, ಮೌನದಲ್ಲಿದ್ದುದರಿಂದ ಅಯ್ಯೋ ಎನ್ನಲೂ ಆಗದೆ, ಕುಂಟುತ್ತ ಗುಡ್ಡ ಸುತ್ತಿ ಬಂದಿದ್ದರು. ಗುರೂಜಿಯ ಕಾಲಲ್ಲಿ ಉಣ್ಣೆಯ ಕಾಲುಚೀಲಗಳಿದ್ದವು. ಅವರದು ಶೀತದ ಪ್ರಕೃತಿ.

ವೃಕ್ಷದೇವತೆಯ ವಿಷಯದಲ್ಲಿ ಇನ್ನೊಂದು ಅಡಚಣೆ ಎದುರಾಯಿತು. ‘ನಿಮ್ಮ ಮನಸ್ಸಿಗೆ ಬಂದ ಮರವನ್ನು ಅಪ್ಪಿಕೊಳ್ಳಿ’ ಎಂದು ಗುರೂಜಿ ಹೇಳಿದ್ದರು. ಗುಡ್ಡದ ಮೇಲಿದ್ದುದೆಲ್ಲ ಬಳ್ಳಾರಿ ಜಾಲಿ. ಗೇಣುದ್ದದ ಮುಳ್ಳು. ಎಲ್ಲರ ಮನಸ್ಸಿಗೂ ಬರಬಹುದಾದದ್ದು ಒಂದೇ ಒಂದು ಬೇವಿನ ಮರ. ಹೀಗಾಗಿ ಪಾಳಿ ಹಚ್ಚಿದರು. ಸಂಸ್ಥೆಯ ಅಧ್ಯಕ್ಷರು ಮೊದಲು, ಆಮೇಲೆ ಡಾಕ್ಟರು, ಆಮೇಲೆ ವಿಶ್ವಸ್ತರು, ಆಮೇಲೆ ವಿಶ್ವಸ್ತರ ಮನೆಯವರು. ದೇವರ ಬಳಿ ಹೋಗುವಾಗಲೂ ಊರಿನ ಪಂಕ್ತಿ ತಪ್ಪಿರಲಿಲ್ಲ. ನಂದಾಳ ಮುಂದಿದ್ದ ಹೆಂಗಸು ಮರಕ್ಕೆ ಮೊದಲು ಕರವಸ್ತ್ರ ಹಾಸಿ ಅದರ ಮೇಲೆ ಕೆನ್ನೆ ಇಟ್ಟಳು. ದೂರದಲ್ಲಿ ಗಾಳಿಯಂತ್ರಗಳ ಬಿಳಿ ರೆಕ್ಕೆಗಳು ಯಾರಿಗೂ ಸಂಬಂಧವಿಲ್ಲದಂತೆ ತಿರುಗುತ್ತಿದ್ದವು. ತಂತಿಯ ಆಚೆ ಒಂದು ಕುರಿ ಒದರುತ್ತಿತ್ತು. ಹೊಟ್ಟೆಗೆ ಒದರುವ ಕುರಿಯ ದನಿ ಬೇರೆ, ನೀರಿಗೆ ಒದರುವುದು ಬೇರೆ; ಇದು ಎರಡೂ ಅಲ್ಲ. ಒದರುತ್ತಿತ್ತು, ನಿಲ್ಲಿಸಿ ಕೇಳಿಸಿಕೊಳ್ಳುತ್ತಿತ್ತು, ಮತ್ತೆ ಒದರುತ್ತಿತ್ತು. ‘ನಿಸರ್ಗದ ಸಂಗೀತ’ ಎಂದರು ಗುರೂಜಿ. ನಂದಾಳ ಪಾಳಿ ಬಂತು. ಅಪ್ಪಿಕೊಂಡಳು. ಬೇವಿನ ತೊಗಟೆ ಗಲ್ಲಕ್ಕೆ ಒರಟಾಗಿ ಹತ್ತಿತು. ಇರುವೆಯೊಂದು ಸೆರಗಿನೊಳಗೆ ಇಳಿಯಿತು. ಇಷ್ಟು ಜನ ಅಪ್ಪಿದ ಮೇಲೆ ಈ ಮರಕ್ಕೆ ಅದರ ವಾಸನೆ ಉಳಿದಿದೆಯೇ, ಅತ್ತರು ಸೆಂಟುಗಳ ನಡುವೆ ಅದರ ಕಾಯಿಗಳು ಅದನ್ನು ಗುರುತಿಸಿಯಾವೇ ಎಂಬ ಹುಚ್ಚು ವಿಚಾರ ಬಂತು. ಆಗಲೇ ಅವಳಿಗೆ ಸಣ್ಣ ದನಿ ಕೇಳಿದ್ದು. ಮರದೊಳಗಿನಿಂದಲ್ಲ. ಹಿಂದಿನಿಂದ, ಚಪ್ಪಲಿಗಳ ಕಡೆಯಿಂದ.

ಮರ ಬಿಟ್ಟು ಹೋದಳು. ಯಾರೂ ತಡೆಯಲಿಲ್ಲ, ಅನುಭವವಾದವರು ಎಲ್ಲಿ ಬೇಕಾದರೂ ಹೋಗಬಹುದಿತ್ತು.

ಮರಿ ಬೀರಪ್ಪನ ಕಲ್ಲಿಗೂ ವಿಜಯಕುಮಾರನ ಕೊಲ್ಲಾಪುರಿಗೂ ನಡುವೆ ಇತ್ತು. ಅರ್ಧ ನೆಕ್ಕಿದ ಮರಿ. ತಲೆ, ಕಿವಿ, ಒಂದು ಭುಜ ಒಣಗಿ ಕೂದಲು ನಿಗುರಿದ್ದವು. ಅಲ್ಲಿಂದ ಹಿಂದಕ್ಕೆ ಇನ್ನೂ ಲೋಳೆ ಹಾಗೇ ಇತ್ತು, ಮಣ್ಣು ಮೆತ್ತಿತ್ತು. ತಾನಾಜಿಯ ಕೋಲು ಯಾವ ಕ್ಷಣಕ್ಕೆ ಬಿತ್ತು ಎಂಬುದು ಅದರ ಮೈಮೇಲೆ ಗೆರೆ ಎಳೆದಂತೆ ಕಾಣುತ್ತಿತ್ತು. ನಾಲ್ಕೂ ಕಾಲು ನಾಲ್ಕು ದಿಕ್ಕಿಗೆ ಊರಿ ಎದ್ದು ನಿಂತಿತ್ತು. ಮೂತಿ ಚಾಚಿ ಚಪ್ಪಲಿಯ ತೊಗಲಿನ ಪಟ್ಟಿಯನ್ನು ಚೀಪುತ್ತಿತ್ತು, ಬಿಡುತ್ತಿತ್ತು, ಮತ್ತೆ ಹುಡುಕಿ ಚೀಪುತ್ತಿತ್ತು. ಯಾವ ಪ್ರಾಣಿಯ ತೊಗಲೋ ಅದು. ನಂದಾಳ ಕೈ ಮುಂದೆ ಹೋಯಿತು. ಹೋದ ಕೈ ಅರ್ಧದಲ್ಲಿ ನಿಂತಿತು, ಯಾರೋ ಮಣಿಕಟ್ಟು ಹಿಡಿದ ಹಾಗೆ. ಅಲ್ಲೇ ನೆಲಕ್ಕೆ ಕೂತು ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡಳು. ಪಕ್ಕದಲ್ಲಿ ಯಾರಾದರೂ ಬಂದು ಕೂತರೇ? ಇಲ್ಲ. ಯಾರೂ ಕೂರಲಿಲ್ಲ. ಬಿಸಿಲಿತ್ತು, ಚಪ್ಪಲಿಗಳಿದ್ದವು. ಈಗ ಎದ್ದು ತಾನಾಜಿಗೆ ಗೇಟು ತೆಗಿ ಎನ್ನಬೇಕು, ಕುರಿಯನ್ನು ಒಳಗೆ ಬಿಡಿಸಬೇಕು, ಅಷ್ಟೇ. ಎರಡು ಮಾತು. ಆ ಎರಡು ಮಾತು ಚಂದ್ರಾಬಾಯಿ ಕೇಳಿದಾಗಲೇ ಅವಳ ಬಾಯಲ್ಲಿದ್ದವು.

‘ಅಯ್ಯೋ, ಕಿತಿ ಗೋಡ, ಎಷ್ಟ ಮುದ್ದೈತಿ!’ ಎಂದು ಸೋನಾಲಿ ಕೂಗಿದಳು. ‘ಮರಿ! ಗುರೂಜಿ, ಕೋಕರೂ!’ ಕೈಯಲ್ಲಿ ಮೊಬೈಲು ಆಗಲೇ ಎದ್ದಿತ್ತು.

ಪಾಳಿ ಒಡೆದು ಎಲ್ಲರೂ ಬಂದರು. ಗುರೂಜಿ ಕಾಲುಚೀಲಗಳಲ್ಲಿ ಮೆತ್ತಗೆ ನಡೆದು ಬಂದು, ನೋಡಿ, ಬಹಳ ಹೊತ್ತು ಕಣ್ಣು ಮುಚ್ಚಿದರು. ದೇವರು ಪಾದರಕ್ಷೆಗಳ ನಡುವೆ ಅವತರಿಸಿದ್ದಾನೆ ಎಂದರು. ಸೋನಾಲಿಯ ಬಾಯಲ್ಲಿ ಇನ್ನೊಮ್ಮೆ ಅವತರಿಸಿದ. ಇಂಥ ಪ್ರಸಾದ ಸಿಕ್ಕಮೇಲೆ ಮೌನ ಸಂಪನ್ನವಾಯಿತು, ಎಲ್ಲರೂ ಮಾತಾಡಬಹುದು ಎಂದೂ ಹೇಳಿದರು. ಬೆಳಗಿನಿಂದ ಕಾದಿಟ್ಟ ಮೌನದಿಂದ ಹೊರಬಿದ್ದ ಮೊದಲ ಮಾತು ಡಾಕ್ಟರದು: ‘ಇಲ್ಲಿ ನೆಟ್‌ವರ್ಕ್ ಬರತೈತೇನ್ರೀ?’ ಸೋನಾಲಿ ಥರ್ಮಾಸಿನ ಬಿಸಿನೀರು, ಟವೆಲ್ಲು, ಚೀಲದೊಳಗಿಂದ ಶಾಂಪೂವಿನ ಪುಡಿಕೆ ತಂದಳು. ಮರಿಯನ್ನು ಸ್ವಚ್ಛ ಮಾಡಿ, ಗಂಧ ಹಚ್ಚಿ, ಒಬ್ಬೊಬ್ಬರೂ ಎದೆಗಪ್ಪಿಕೊಂಡು ಸೃಷ್ಟಿಯ ಬಿಸುಪನ್ನು ಅನುಭವಿಸಬೇಕು, ಕೊನೆಗೆ ಗುರೂಜಿಯ ಮಡಿಲಿಗೆ ಬಂದಾಗ ಫೋಟೋ.

‘ಮೊದಲು ಈ ತಾಯಿ,’ ಎಂದರು ಗುರೂಜಿ, ನಂದಾಳನ್ನು ತೋರಿಸಿ. ‘ಕಂಡದ್ದು ಅವರಿಗೆ. ಅವರೇ ಎತ್ತಲಿ.’

ವಿಜಯಕುಮಾರನ ಮುಖ ಅರಳಿತು. ‘ಆಕಿಗೆ ಮೊದಲಿಂದ್ಲೂ ಹಂಗ ಐತ್ರಿ ಗುರೂಜಿ,’ ಎಂದ. ‘ಕುರಿ ಈಯೂದರಾಗ ದೇವ್ರ ಕಂಡಿದ್ಲ ಆಕಿ.’ ಜನ ನಕ್ಕರು. ಸೋನಾಲಿ ಅದನ್ನು ಮರಾಠಿಗೆ ತಂದಾಗ ಗುರೂಜಿ ನಗಲಿಲ್ಲ, ನಗದೆ ಇದ್ದದ್ದು ಇನ್ನೂ ಕೆಟ್ಟದಾಯಿತು. ಗಂಭೀರವಾಗಿ ಕೈ ಮುಗಿದು, ಆ ಅನುಭವವನ್ನು ಎಲ್ಲರಿಗೂ ಹೇಳಬೇಕು ಎಂದರು. ಸೋನಾಲಿ ಮೈಕನ್ನು ತಂದು ನಂದಾಳ ಗಲ್ಲದ ಹತ್ತಿರ ಹಿಡಿದಳು. ಮೈಕಿನ ಜಾಳಿಗೆಗೆ ಬೆಳಗಿನ ಉಪದೇಶಗಳ ಎಂಜಲಿನ ವಾಸನೆ ಇತ್ತು. ರುಕ್ಮವ್ವನ ಹಾಗೆ ತಾನೂ ಮೂಸುತ್ತಿದ್ದೇನೆ ಎಂದು ನಂದಾಗೆ ಅನ್ನಿಸಿತು.

ತಂತಿಯ ಆಚೆ ಚಂದ್ರಾಬಾಯಿ ಮತ್ತೆ ಹತ್ತಿ ಬಂದಿದ್ದಳು. ಈ ಸಲ ಕುರಿಯ ಕೊರಳಿಗೆ ಸೆರಗಿನ ತುದಿ ಕಟ್ಟಿ ಎಳೆದು ತಂದಿದ್ದಳು. ಕುರಿಯ ಹಿಂದೆ ಇನ್ನೂ ಮಾಸು ಜೋತಿತ್ತು. ಅದು ತಂತಿಯ ಸಂದಿಗೆ ತಲೆ ತೂರಿಸಿತ್ತು; ಮುಳ್ಳಿಗೆ ಉಣ್ಣೆ ಸಿಕ್ಕಿತ್ತು. ನಂದಾಳನ್ನು ಚಂದ್ರಾಬಾಯಿ ಕರೆಯಲಿಲ್ಲ. ಒಮ್ಮೆ ಕರೆದು ನೋಡಿ ಆಗಿತ್ತಲ್ಲ.

‘ಎತ್ತು ನಂದಾ,’ ಎಂದ ವಿಜಯಕುಮಾರ, ನಗುತ್ತಲೇ.

ನಂದಾ ಕೂತಲ್ಲೇ ಬಿಲ್ಲೆಯನ್ನು ಹಿಡಿದು ಗಂಡನಿಗೆ ತೋರಿಸಿದಳು. ನಾನು ಮೌನದಲ್ಲಿದ್ದೇನೆ. ಎರಡೂ ಭಾಷೆಯಲ್ಲಿ.

‘ಅದು ಮುಗೀತು. ಗುರೂಜಿನ ಹೇಳ್ಯಾರಲ್ಲ.’ ಅವನು ಬಗ್ಗಿದ. ನಗು ಮುಖದ ಮೇಲೆ ಹಾಗೇ ಇತ್ತು, ಮಾತು ಅದರ ಹಲ್ಲಿನ ಸಂದಿಯಿಂದ ಬಂತು. ‘ಮಂದಿ ಮುಂದ ಮರ್ಯಾದಿ ಕಳೀಬ್ಯಾಡ. ಲಗೂನ ಎತ್ತು.’ ನೀಲಿ ಪಟ್ಟಿಯನ್ನು ಹಿಡಿದು ಎಳೆದ. ಪಟ್ಟಿ ಶಿವದಾರಕ್ಕೆ ಸುತ್ತಿಕೊಂಡು ಎರಡೂ ಒಟ್ಟಿಗೆ ಬಂದವು. ಕರಡಿಗೆ ಗಲ್ಲಕ್ಕೆ ಬಡಿಯಿತು. ಅವನ ಕೈ ಹೆದರಿ ನಿಂತಿತು. ಲಿಂಗದ ದಾರ ಹರಿದರೆ ಊರು ಏನನ್ನುತ್ತದೆ ಎಂಬ ಲೆಕ್ಕ ಅವನಿಗಿತ್ತು. ನಂದಾ ತಲೆ ಬಗ್ಗಿಸಿ, ಸಾವಧಾನವಾಗಿ, ಪಟ್ಟಿಯನ್ನು ದಾರದಿಂದ ಬಿಡಿಸಿ, ಕೊರಳಿಂದ ತೆಗೆದು ಅವನ ಚಪ್ಪಲಿಯ ಮೇಲೆ ಇಟ್ಟಳು. ಮತ್ತೆ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡಳು. ಅವಳು ಕೂತದ್ದು ಈಗ ಜನರಿಗೂ ಮರಿಗೂ ನಡುವೆ. ಅವಳನ್ನು ಸರಿಸದೆ ಮರಿಯನ್ನು ಎತ್ತಲು ಬರುತ್ತಿರಲಿಲ್ಲ.

‘ತಾನಾಜಿ,’ ಎಂದಳು. ಬೆಳಗಿನಿಂದ ಬಳಸದ ದನಿ ಬಿರುಸಾಗಿ ಬಂತು. ‘ಗೇಟ ತೆಗಿ.’

ತಾನಾಜಿ ಸಾವಕಾರ ವಿಜಯಕುಮಾರನ ಕಡೆ ನೋಡಿದ, ಅತ್ತೆಯ ಕಡೆ ನೋಡಿದ, ಕುರಿಯ ಹಿಂದೆ ಜೋತಿದ್ದ ಮಾಸಿನ ಕಡೆ ನೋಡಿದ. ಅವನ ಕೈಯಲ್ಲಿ ಏನೋ ಸದ್ದಾಯಿತು. ಕೀಲಿ, ಎಂದು ನಂದಾ ಅದಕ್ಕೆ ಹೆಸರಿಟ್ಟಳು.

‘ಕಾಲ ಕಿತ್ತಿ ಅಂದ್ರ ನಾಳಿಂದ ಬರೂದ ಬ್ಯಾಡ ನೀ,’ ಎಂದು ವಿಜಯಕುಮಾರ ಅವನಿಗೆ ಹೇಳಿ, ಹೆಂಡತಿಯ ಕಡೆ ತಿರುಗಿದ. ಈಗ ನಗು ಇರಲಿಲ್ಲ. ಸೋನಾಲಿ ಶಾಂಪೂ ಪುಡಿಕೆಯ ತುದಿಯನ್ನು ಹಲ್ಲಿನಿಂದ ಹರಿದು ಬಾಯಲ್ಲೇ ಹಿಡಿದು ನಿಂತಿದ್ದಳು. ‘ಕಡೀ ಸಲ ಹೇಳತೀನಿ ನಂದಾ. ಮರಿ ಎತ್ತು, ಗುರೂಜಿ ಮಡಿಲಾಗ ಇಡು.’

‘ಎತ್ತಂಗಿಲ್ಲ.’

ಮೈಕು ಅವಳ ಗಲ್ಲದ ಬಳಿಯೇ ಇತ್ತು. ಮಾತು ಸ್ಪೀಕರಿನಿಂದ ಹೊರಬಿದ್ದು ಬೇವಿನ ಮರ, ಒಣ ಗಿಡಗಳ ತಗ್ಗು, ತಂತಿ ಎಲ್ಲ ದಾಟಿ ಹೋಯಿತು. ಆಚೆಯಿಂದ ಕುರಿ ಒದರಿತು. ಮರಿ ಚಪ್ಪಲಿ ಬಿಟ್ಟು ಕಿವಿ ನಿಗುರಿಸಿತು.

ಗುರೂಜಿ ಸೋನಾಲಿಯ ಕಡೆ ಬಾಗಿ, ಆಕೆ ಏನೆಂದರು ಎಂದು ಕೇಳಿದರು. ಬೆಳಗಿನಿಂದ ಒಂದು ಮಾತೂ ಬಿಡದೆ ಎರಡು ಸಲ ಹೇಳಿದ ಹುಡುಗಿ ಈಗ ಪುಡಿಕೆ ಕಚ್ಚಿಕೊಂಡು ಸುಮ್ಮನೆ ನಿಂತಳು. ನಂದಾ ಮೈಕಿನ ಕಡೆ ಮುಖ ತಿರುಗಿಸಿ, ಅದನ್ನೇ, ಅವರಿಗೆ ತಿಳಿಯಲೆಂದು, ಮರಾಠಿಯಲ್ಲಿ ಇನ್ನೊಂದು ಸಲ ಹೇಳಿದಳು.